ಎಷ್ಟು ಬಿತ್ತು ಮಳೆ?

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆ. ಮಾತಾಡುವವರು ಇಬ್ಬರು. ಒಬ್ಬರು ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು, ದಿನದಿನದ ಮಳೆಯನ್ನು ಹಲವು ದಶಕಗಳಿಂದ ನೋಟುಪುಸ್ತಕದಲ್ಲಿ ಬರೆದಿಡುತ್ತ ಬಂದ ಕೃಷಿಕರು. ಇನ್ನೊಬ್ಬಳು ಅವರ ತಮ್ಮನ ಮಗಳು, ಬೆಂಗಳೂರಿನಲ್ಲಿ ತತ್ವಶಾಸ್ತ್ರ ಓದುವವಳು. ಪಕ್ಕದ ತೋಟದವರಿಗೆ ಆ ವರ್ಷ ಬೆಳೆವಿಮೆ ಸಿಗಲಿಲ್ಲ. ಬಿಡದ ಮಳೆಗೆ ಕೊಳೆರೋಗ ಬಂದು ಅಡಿಕೆ ಉದುರಿದ್ದು ಊರಿಗೆಲ್ಲ ಕಂಡಿತ್ತು. ಪಂಚಾಯಿತಿ ಕಟ್ಟಡದ ಮಾಪಕ ಮಾತ್ರ ಅಷ್ಟು ಮಳೆ ತೋರಿಸಲಿಲ್ಲ. ಹವಾಮಾನ ಆಧಾರಿತ ವಿಮೆಯಲ್ಲಿ ನಷ್ಟವನ್ನು ಯಾರೂ ಬಂದು ನೋಡುವುದಿಲ್ಲ, ಮಾಪಕದ ಅಂಕಿಯನ್ನು ನೋಡಿ ಪರಿಹಾರ ಕೊಡುತ್ತಾರೆ. ಮಾತು ಶುರುವಾದದ್ದು ಅಲ್ಲಿಂದ.

ದೊಡ್ಡಪ್ಪ: ಪುಸ್ತಕ ತೆಗೆದು ನೋಡು. ಪುಷ್ಯ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದೊಂದು ದಿನದ್ದೂ ಬರೆದಿದೆ. ಅವರ ಯಂತ್ರದಲ್ಲಿ ಇದರ ಅರ್ಧವೂ ಇಲ್ಲ. ಬಿದ್ದ ಮಳೆ ಬಿದ್ದದ್ದೇ ಅಲ್ವೇನೆ? ಅದಕ್ಕೂ ಎರಡು ಲೆಕ್ಕ ಇರುತ್ತಾ?

ಹುಡುಗಿ: ಮಳೆ ಒಂದೇ, ದೊಡ್ಡಪ್ಪ. ಅದರ ಬಗ್ಗೆ ಹೇಳಿಕೆ ಎರಡಿವೆ. ಯಾವುದನ್ನ ಒಪ್ಪಬೇಕು, ಯಾಕೆ ಒಪ್ಪಬೇಕು ಅನ್ನೋದು ಪ್ರಶ್ನೆ.

ದೊಡ್ಡಪ್ಪ: ಕಣ್ಣಾರೆ ಕಂಡವನ ಮಾತು ಒಪ್ಪಬೇಕು. ಇದಕ್ಕೆ ತತ್ವಶಾಸ್ತ್ರ ಎಂತಕ್ಕೆ?

ಹುಡುಗಿ: ನೀವು ಕಣ್ಣಾರೆ ಕಂಡದ್ದು ಏನು ಹೇಳಿ. ಬೆಳಿಗ್ಗೆ ಎಂಟೂವರೆಗೆ ಅಳತೆಯ ಗಾಜಿನಲ್ಲಿ ಇಷ್ಟು ನೀರು. ಮಾಪಕದ ಬಾಯಿ 200 ಚದರ ಸೆಂಟಿಮೀಟರ್. ಒಂದು ಎಕರೆ ತೋಟವನ್ನ ಎರಡು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಲ್ಲಿ ಬಿದ್ದ ಹನಿಯನ್ನ ಅಳೆದು ಇಡೀ ತೋಟಕ್ಕೆ ಇಷ್ಟು ಮಿಲಿಮೀಟರ್ ಅಂತ ಬರೆದಿರಿ. ಕಂಡದ್ದು ಗಾಜಿನ ನೀರು. ಉಳಿದದ್ದು ಊಹೆ. ಒಳ್ಳೆಯ ಊಹೆ, ಆದರೂ ಊಹೆ.

ದೊಡ್ಡಪ್ಪ: ಮಿಲಿಮೀಟರ್ ಅಂದರೆ ಚದರ ಮೀಟರಿಗೆ ಒಂದು ಲೀಟರ್. ಎಕರೆಗೆ ನಾಲ್ಕು ಸಾವಿರ ಲೀಟರ್ ಮೇಲೆ. ನೂರು ಮಿಲಿಮೀಟರ್ ಬಿದ್ದ ದಿನ ಎಕರೆಗೆ ನಾಲ್ಕು ಲಕ್ಷ ಲೀಟರ್ ನೀರು ನನ್ನ ಕಣ್ಣೆದುರು ತೋಟದ ಉಜಿರುಗಾಲುವೆಯಲ್ಲಿ ಹರಿದು ಹೋಗಿದೆ. ಅದನ್ನ ಊಹೆ ಅಂತೀಯಲ್ಲ ಮಾರಾಯ್ತಿ.

ಹುಡುಗಿ: ಕಾಲುವೆ ತುಂಬಿದ್ದು ಊಹೆ ಅಲ್ಲ. ನೂರು ಅನ್ನೋದರಲ್ಲಿ ಒಂದಿಷ್ಟು ಒಪ್ಪಂದ ಸೇರಿದೆ ಅಂತ ಹೇಳ್ತಾ ಇದೀನಿ. ಒಂದು ಸಣ್ಣ ವಿಷಯ ನೋಡಿ. ಐದನೇ ತಾರೀಖು ಸಂಜೆ ಸುರಿದ ಮಳೆಯನ್ನ ನೀವು ಯಾವ ತಾರೀಖಿಗೆ ಬರೀತೀರಿ?

ದೊಡ್ಡಪ್ಪ: ಆರನೇ ತಾರೀಖಿಗೆ. ಬೆಳಿಗ್ಗೆ ಎಂಟೂವರೆಗೆ ಅಳೆದದ್ದು ಆ ದಿನದ ಲೆಕ್ಕಕ್ಕೆ. ಹವಾಮಾನ ಇಲಾಖೆಯ ಕ್ರಮವೂ ಅದೇ.

ಹುಡುಗಿ: ಐದನೇ ತಾರೀಖು ನೆನೆದವನು ಪುಸ್ತಕ ನೋಡಿದರೆ ಆ ದಿನ ಮಳೆಯೇ ಇಲ್ಲ. ಪುಸ್ತಕ ಸುಳ್ಳಾ? ಅಲ್ಲ. ಕ್ರಮ ಗೊತ್ತಿದ್ದವನಿಗೆ ಅದು ನಿಜ, ಗೊತ್ತಿಲ್ಲದವನಿಗೆ ಸುಳ್ಳಿನ ಹಾಗೆ ಕಾಣುತ್ತೆ. ಇನ್ನು ‘ಮಳೆ ಬಂದ ದಿನ’ ಅಂದರೆ ಏನು? ಇಲಾಖೆಯ ಪ್ರಕಾರ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನ. ಎರಡು ಮಿಲಿಮೀಟರ್ ಬಿದ್ದು ಅಂಗಳದ ಅಡಿಕೆ ಒದ್ದೆಯಾದರೂ ಅದು ಮಳೆಯ ದಿನ ಅಲ್ಲ.

ದೊಡ್ಡಪ್ಪ: ಹಾಸಿದ ಅಡಿಕೆ ಒದ್ದೆಯಾದವನನ್ನ ಕೇಳು, ಮಳೆ ಬಂತಾ ಇಲ್ವಾ ಅಂತ.

ಹುಡುಗಿ: ಕೇರಳಕ್ಕೆ ಮುಂಗಾರು ಬಂತು ಅಂತ ರೇಡಿಯೋದಲ್ಲಿ ಹೇಳ್ತಾರಲ್ಲ, ಅದೂ ಹಾಗೇ. ಹದಿನಾಲ್ಕು ಕೇಂದ್ರಗಳ ಪಟ್ಟಿ ಇದೆ. ಮಿನಿಕಾಯ್‌, ತಿರುವನಂತಪುರದಿಂದ ಹಿಡಿದು ಕಾಸರಗೋಡಿನ ಕೂಡ್ಲು, ನಮ್ಮ ಮಂಗಳೂರಿನವರೆಗೆ. ಮೇ 10ರ ನಂತರ ಅವುಗಳಲ್ಲಿ ಕನಿಷ್ಠ ಶೇಕಡಾ 60 ಕೇಂದ್ರಗಳಲ್ಲಿ ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಬೀಳಬೇಕು. ಜೊತೆಗೆ ಪಡುಗಾಳಿಯ ಆಳ, ವೇಗ, ಮೋಡದ ದಟ್ಟಣೆಯ ಲೆಕ್ಕ ಎಲ್ಲ ಕೂಡಿ ಬರಬೇಕು. ಆಗ ಮುಂಗಾರು ಬಂತು. 2020ರಲ್ಲಿ ಒಂದು ಖಾಸಗಿ ಹವಾಮಾನ ಸಂಸ್ಥೆ ಮೇ 30ಕ್ಕೇ ಬಂತು ಅಂತ ಸಾರಿತು. ಇಲಾಖೆ ಅದನ್ನ ಒಪ್ಪದೆ ಜೂನ್ 1ಕ್ಕೆ ಬಂತು ಅಂದಿತು. ಆಕಾಶ ಒಂದೇ, ದಿನ ಎರಡು.

ದೊಡ್ಡಪ್ಪ: ಅಂದರೆ ಕುರ್ಚಿ ಮೇಲೆ ಕೂತವರು ಎಂತ ಅಂದರೆ ಅದೇ ಸತ್ಯ ಅಂತಾಯ್ತು. ವಿಮೆಯವರೂ ಇದನ್ನೇ ಹೇಳೋದು. ನಮ್ಮ ಕಾಗದದಲ್ಲಿ ಇಲ್ಲದ ಮಳೆ ಮಳೆಯೇ ಅಲ್ಲ ಅಂತ.

ಈ ಮಾತು ಹುಡುಗಿಗೆ ನಾಟಿತು. ಸತ್ಯವೆಲ್ಲ ವ್ಯಾಖ್ಯಾನದ ಮೇಲೆ ನಿಂತಿದೆ ಎನ್ನುವ ಮಾತು ತರಗತಿಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ಪರಿಹಾರ ಸಿಗದೆ ಕೂತವನ ಮನೆಯಲ್ಲಿ ಅದೇ ಮಾತು ಬಲಾಢ್ಯರ ಪರವಾಗಿ ವಾಲುತ್ತದೆ. ಅವಳು ಆ ದಾರಿಯಿಂದ ತುಸು ಹಿಂದೆ ಬಂದಳು.

ಹುಡುಗಿ: ಅಷ್ಟು ದೂರ ನಾನು ಹೋಗಲ್ಲ. ಇನ್ನೊಂದು ಉದಾಹರಣೆ ಹೇಳ್ತೀನಿ, ನೀವೇ ಬೇರ್ಪಡಿಸಿ. ದೇಶದ ಮುಂಗಾರಿನ ಸರಾಸರಿಯನ್ನ ಇಲಾಖೆ ಮೊದಲು 1961ರಿಂದ 2010ರವರೆಗಿನ ಮಳೆ ನೋಡಿ ಹಾಕಿತ್ತು. 880.6 ಮಿ.ಮೀ. ಆಮೇಲೆ 1971ರಿಂದ 2020ರವರೆಗಿನ ಲೆಕ್ಕಕ್ಕೆ ಬದಲಾಯಿಸಿತು. ಅದು 868.6. ಸರಾಸರಿಯ ಶೇಕಡಾ 96ರಿಂದ 104 ಬಂದರೆ ‘ವಾಡಿಕೆ ಮಳೆ’. ಒಂದು ವರ್ಷ 840 ಮಿ.ಮೀ. ಬಿತ್ತು ಅಂತಿಟ್ಟುಕೊಳ್ಳಿ. ಹಳೆ ಲೆಕ್ಕಕ್ಕೆ ಶೇಕಡಾ 95, ಅಂದರೆ ವಾಡಿಕೆಗಿಂತ ಕಡಿಮೆ. ಹೊಸ ಲೆಕ್ಕಕ್ಕೆ ಶೇಕಡಾ 97, ವಾಡಿಕೆ.

ದೊಡ್ಡಪ್ಪ: ನೀನೇ ಉತ್ತರ ಕೊಟ್ಟೆ ನೋಡು. ಕಡಿಮೆ, ವಾಡಿಕೆ, ಜಾಸ್ತಿ, ಇವೆಲ್ಲ ನೀವು ಎಳೆದ ಗೆರೆ. ಗೆರೆ ಎಲ್ಲಿ ಎಳೀತೀರಿ ಅನ್ನೋದು ನಿಮಗೆ ಬಿಟ್ಟದ್ದು. ಆದರೆ 840 ಎರಡೂ ಕಡೆ 840 ಆಗೇ ಉಳೀತಲ್ಲ! ಅದು ಯಾರಪ್ಪನ ಮಾತನ್ನೂ ಕೇಳಲಿಲ್ಲ. ನನ್ನ ಪುಸ್ತಕದಲ್ಲಿರೋದು ಆ 840ರ ಜಾತಿಯ ಅಂಕಿ.

ಹುಡುಗಿ: ಒಪ್ಪಿದೆ. ಗೆರೆ ನಮ್ಮದು, ನೀರು ನಮ್ಮದಲ್ಲ. ಈಗ ಕಷ್ಟದ ಪ್ರಶ್ನೆಗೆ ಬನ್ನಿ. ನಿಮ್ಮ ಅಂಕಿಯನ್ನ ಮೂರನೆಯವರು ಪರೀಕ್ಷೆ ಮಾಡೋದು ಹೇಗೆ? ಆ ಮಳೆ ಈಗಾಗಲೇ ತುಂಗೆ ಸೇರಿ ಹೋಗಿದೆ.

ದೊಡ್ಡಪ್ಪ: ನಾನು ಸುಳ್ಳು ಬರೀತೀನಾ?

ಹುಡುಗಿ: ಇಲ್ಲ. ಆದರೆ ನೀವು ಅಡಿಕೆ ಬೆಳೆಗಾರರು. ಮಳೆ ಜಾಸ್ತಿ ತೋರಿಸಿದರೆ ನಿಮ್ಮ ಕಡೆಯವರಿಗೆ ಲಾಭ. ನಿಮ್ಮನ್ನ ಕಂಡರಿಯದ ಅಧಿಕಾರಿಗೆ ನೀವು ಎಷ್ಟು ಪ್ರಾಮಾಣಿಕರು ಅನ್ನೋದು ಗೊತ್ತಿಲ್ಲ. ಅವನಿಗೆ ಗೊತ್ತಾಗೋದು ಕಾಗದ ಮಾತ್ರ. ಹೇಳಿಕೆ ನಿಜವಾಗಿದ್ದರೆ ಸಾಲದು, ನಿಜ ಅಂತ ಬೇರೆಯವರು ಕಂಡುಕೊಳ್ಳೋ ದಾರಿಯೂ ಇರಬೇಕು. ಸುಮಾರು ನೂರು ವರ್ಷದ ಹಿಂದೆ ವಿಯೆನ್ನಾದಲ್ಲಿ ಮೊರಿಟ್ಸ್ ಶ್ಲಿಕ್ ಸುತ್ತ ಸೇರಿದ್ದ ಚಿಂತಕರು ಇದನ್ನೇ ಹಿಡಿದು ಕೂತಿದ್ದರು. ಪರೀಕ್ಷೆಗೆ ದಾರಿಯೇ ಇಲ್ಲದ ಮಾತಿಗೆ ಅರ್ಥವೇ ಇಲ್ಲ ಅನ್ನೋವರೆಗೂ ಹೋದರು.

ದೊಡ್ಡಪ್ಪ: ಅದು ಅತಿಯಾಯ್ತು. ಹೋದ ವರ್ಷದ ಮಳೆಯನ್ನ ಈಗ ಯಾರೂ ಮತ್ತೆ ಸುರಿಸಿ ತೋರಿಸೋಕಾಗಲ್ಲ. ಹಾಗಂತ ಹೋದ ವರ್ಷ ಮಳೆ ಬಂತು ಅನ್ನೋ ಮಾತಿಗೆ ಅರ್ಥ ಇಲ್ವಾ? ನಮ್ಮಪ್ಪ ನೋಡಿದ ಮಳೆಗೆ?

ಹುಡುಗಿ: ಆ ವಿಯೆನ್ನಾದವರೂ ಈ ತೊಡಕಿಗೆ ಸಿಕ್ಕಿಬಿದ್ದರು. ಆಮೇಲೆ ಸಡಿಲ ಮಾಡಿಕೊಂಡರು. 1934ರಲ್ಲಿ ಕಾರ್ಲ್ ಪಾಪ್ಪರ್ ಪುಸ್ತಕ ಬರೆದು, ಒಂದು ನಿಯಮವನ್ನ ಪೂರ್ತಿ ಸಾಬೀತು ಮಾಡೋಕೆ ಎಂದೂ ಆಗಲ್ಲ, ಅದನ್ನ ತಪ್ಪು ಅಂತ ತೋರಿಸೋಕೆ ಜಾಗ ಇಟ್ಟಿದೀರಾ ಅಂತ ನೋಡಿ ಅಂದರು. ನನಗೆ ಹೆಚ್ಚು ಇಷ್ಟವಾಗೋದು ಆ ಗುಂಪಿನ ಆಟೊ ನಾಯ್ರಾತ್ 1932ರಲ್ಲಿ ಬರೆದದ್ದು. ನೋಡಿದ್ದನ್ನ ದಾಖಲಿಸೋ ವಾಕ್ಯದಲ್ಲಿ ನೋಡಿದವನ ಹೆಸರು, ನೋಡಿದ ಹೊತ್ತು, ಜಾಗ ಎಲ್ಲ ಸೇರಿರಬೇಕು ಅಂತ ಅವರ ವಾದ. ಹಾಗೆ ಬರೆದ ವಾಕ್ಯ ಕೂಡ ಪ್ರಶ್ನೆಗೆ ಹೊರತಲ್ಲ, ಬೇಕಾದರೆ ಅದನ್ನೂ ಕೈಬಿಡಬಹುದು.

ದೊಡ್ಡಪ್ಪ: ಹೆಸರು, ಹೊತ್ತು, ಜಾಗ. ಇದು ನನ್ನ ಪುಸ್ತಕದಲ್ಲಿ ಇದೆ. ನಾನು ಜ್ವರ ಬಂದು ಮಲಗಿದಾಗ ನಿನ್ನ ದೊಡ್ಡಮ್ಮ ಅಳೆದ ದಿನಗಳ ಎದುರು ಅವಳ ಹೆಸರಿನ ಅಕ್ಷರ ಬರೆದಿದೆ. ಪಂಚಾಯಿತಿ ಯಂತ್ರದ್ದು ಹೇಳು. ಅದನ್ನ ಯಾರು ನೋಡಿದ್ದು?

ಹುಡುಗಿ: ಯಾರೂ ಇಲ್ಲ. ಹದಿನೈದು ನಿಮಿಷಕ್ಕೊಂದು ಸಲ ತಾನೇ ಅಂಕಿ ಕಳಿಸುತ್ತೆ. ಯಾರ ಕೈಯೂ ತಾಗಲ್ಲ ಅನ್ನೋದೇ ಅದರ ಬಲ.

ದೊಡ್ಡಪ್ಪ: ಅದೇ ಅದರ ದೋಷವೂ ಹೌದು. ನಾನು ಹೋಗಿ ನೋಡಿ ಬಂದೆ. ಮಗ್ಗುಲಲ್ಲೇ ಹಲಸಿನ ಮರ. ಕೊಂಬೆ ಅದರ ಮೇಲೇ ಬಂದಿದೆ. ಮಾಪಕದ ಹತ್ತಿರ ಮರವೋ ಗೋಡೆಯೋ ಇದ್ದರೆ ಅದರ ಎತ್ತರದ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇಡಬೇಕು ಅಂತ ನಿಯಮ ಇದೆ. ಮತ್ತೆ ಅದರೊಳಗಿರೋದು ಸಣ್ಣ ತೊಟ್ಟಿ. ತುಂಬಿದ ಹಾಗೆ ವಾಲಿ ವಾಲಿ ಲೆಕ್ಕ ಹಾಕುತ್ತೆ. ನಮ್ಮ ಕಡೆಯ ಜಡಿಮಳೆಯಲ್ಲಿ ಅದು ವಾಲೋ ಹೊತ್ತಿಗೆ ಬಿದ್ದ ನೀರು ಲೆಕ್ಕಕ್ಕೆ ಸಿಗಲ್ಲ. ಆಲಿಕೆಯಲ್ಲಿ ಒಂದು ಎಲೆ ಕೂತರೆ ಮುಗೀತು. ಯಂತ್ರ ಸುಳ್ಳು ಹೇಳಲ್ಲ ಅಂತೀರಿ. ಅದಕ್ಕೆ ಎಲೆ ಕೂತದ್ದು ಗೊತ್ತಾಗಲ್ಲ ಅಂತಲೂ ಹೇಳಿ.

ಹುಡುಗಿ: ಇದು ಸರಿಯಾದ ಆಕ್ಷೇಪ. ‘ನನ್ನದೇ ನಿಜ’ ಅನ್ನೋದಕ್ಕಿಂತ ಇದರ ತೂಕ ಹೆಚ್ಚು. ಹಲಸಿನ ಮರವನ್ನ ಯಾರು ಬೇಕಾದರೂ ಹೋಗಿ ನೋಡಬಹುದು.

ದೊಡ್ಡಪ್ಪ: ಹಾಗಾದರೆ ನನ್ನ ಮಾತನ್ನ ಮೊದಲು ನಂಬಿ, ಆಮೇಲೆ ತಪ್ಪು ಸಿಕ್ಕಿದರೆ ಬಿಡಿ. ಲೋಕ ನಡೆಯೋದೇ ಹಂಗಲ್ವಾ? ಎದ್ದವನು ನೆಲ ಗಟ್ಟಿ ಇದೆಯಾ ಅಂತ ಪರೀಕ್ಷೆ ಮಾಡಿ ಕಾಲಿಡ್ತಾನಾ?

ಹುಡುಗಿ: ನಮ್ಮ ಹಳೆಯ ದರ್ಶನಗಳಲ್ಲಿ ಮೀಮಾಂಸಕರು ಹೇಳಿದ್ದು ಇದೇ. ಸ್ವತಃಪ್ರಾಮಾಣ್ಯ. ಅರಿವು ಹುಟ್ಟಿದಾಗಲೇ ಪ್ರಮಾಣ, ಬಾಧಕ, ಅಂದರೆ ಅದನ್ನ ಸುಳ್ಳಾಗಿಸೋ ಇನ್ನೊಂದು ಅರಿವು ಬಂದರೆ ಮಾತ್ರ ತಳ್ಳಿ ಅಂತ. ನ್ಯಾಯದರ್ಶನದವರು, ನೈಯಾಯಿಕರು, ಒಪ್ಪಲಿಲ್ಲ. ಅರಿವು ಸರಿ ಅನ್ನೋದು ಹೊರಗಿನಿಂದ ಗೊತ್ತಾಗಬೇಕು, ಅದನ್ನ ನಂಬಿ ನಡೆದಾಗ ಕೆಲಸ ಕೈಗೂಡಬೇಕು ಅಂದರು. ನೀವು ಮೀಮಾಂಸಕರ ಪಕ್ಷ ಹಿಡಿದರೆ ಪಂಚಾಯಿತಿ ಅಂಕಿಯನ್ನೂ ಮೊದಲು ನಂಬಬೇಕಾಗುತ್ತೆ.

ದೊಡ್ಡಪ್ಪ: ನಂಬಿದೆ. ಬಾಧಕ ನಾನಿದ್ದೀನಲ್ಲ. ನನ್ನ ಪುಸ್ತಕ ಅದನ್ನ ಬಾಧಿಸ್ತಿದೆ.

ಹುಡುಗಿ: ಅದೂ ನಿಮ್ಮ ಪುಸ್ತಕವನ್ನ ಬಾಧಿಸ್ತಿದೆ. ಅದಕ್ಕೇ ನೈಯಾಯಿಕರ ಹಾದಿ ಬೇಕು. ಅವರಿಗೆ ಮಳೆ ಅಂದರೆ ಬಹಳ ಪ್ರೀತಿ, ಗೊತ್ತಾ? ಗೌತಮನ ನ್ಯಾಯಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯದಲ್ಲಿ ಅನುಮಾನಕ್ಕೆ, ಅಂದರೆ ಕಂಡದ್ದರಿಂದ ಕಾಣದ್ದನ್ನ ತಿಳಿಯೋದಕ್ಕೆ, ಕೊಟ್ಟ ಉದಾಹರಣೆಯೇ ಮಳೆ. ಮೋಡ ಏಳೋದು ಕಂಡು ಮಳೆ ಬರುತ್ತೆ ಅಂತ ತಿಳಿಯೋದು. ಹೊಳೆ ತುಂಬಿ ರಭಸವಾಗಿ ಹರಿಯೋದು ಕಂಡು ಮೇಲೆ ಮಳೆಯಾಗಿದೆ ಅಂತ ತಿಳಿಯೋದು.

ದೊಡ್ಡಪ್ಪ: ಅದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೀರ್ಥಹಳ್ಳಿಯಲ್ಲಿ ತುಂಗೆಯಲ್ಲಿರೋ ರಾಮಮಂಟಪ ಮುಳುಗಿತು ಅಂದರೆ ಆಗುಂಬೆ ಕಡೆ, ಶೃಂಗೇರಿ ಕಡೆ ಜೋರಾಗಿದೆ ಅಂತಲೇ ಲೆಕ್ಕ.

ಹುಡುಗಿ: ಸೂತ್ರದಲ್ಲೇ ಎದುರುವಾದಿ ಏಳ್ತಾನೆ. ಹೊಳೆ ತುಂಬೋದು ಎಲ್ಲೋ ಕಟ್ಟೆ ಹಾಕಿದ್ದರಿಂದಲೂ ಆಗಬಹುದು. ಇರುವೆ ಮೊಟ್ಟೆ ಹೊತ್ತು ಹೊರಟರೆ ಮಳೆ ಬರುತ್ತೆ ಅಂತೀರಿ, ಯಾರೋ ಗೂಡು ಕೆಡವಿದ್ದಕ್ಕೂ ಹೊರಡಬಹುದು. ನವಿಲು ಕೂಗಿತು ಅಂತೀರಿ, ಮನುಷ್ಯನೇ ನವಿಲಿನ ಹಾಗೆ ಕೂಗಿರಬಹುದು. ಆದ್ದರಿಂದ ಅನುಮಾನ ಪ್ರಮಾಣವೇ ಅಲ್ಲ ಅಂತ.

ದೊಡ್ಡಪ್ಪ: ಎದುರುವಾದಿ ಜಾಣ. ಶಿವಮೊಗ್ಗದಲ್ಲಿ ಕೂತು ಹೊಳೆ ನೋಡುವವನಿಗೆ ಗಾಜನೂರಿನ ಅಣೆಕಟ್ಟೆಯ ಗೇಟು ತೆಗೆದರೂ ನೀರು ಏರುತ್ತೆ. ಉತ್ತರ ಏನು ಕೊಟ್ಟರು?

ಹುಡುಗಿ: ನೀನು ಹೇಳಿದ ಗುರುತು ಬೇರೆ, ನಾವು ಹಿಡಿದ ಗುರುತು ಬೇರೆ ಅಂತ. ಬರೀ ನೀರು ಏರಿದ್ದನ್ನ ನೋಡಿ ನಿಲ್ಲಬಾರದು. ಹರಿವಿನ ರಭಸ, ನೊರೆ, ತೇಲಿ ಬರೋ ಹಣ್ಣು, ಎಲೆ, ಕಟ್ಟಿಗೆ ಎಲ್ಲ ನೋಡಬೇಕು. ಒಂದು ಇರುವೆ ಅಲ್ಲ, ಸಾಲು ಸಾಲಾಗಿ ಹೊರಟದ್ದನ್ನ ನೋಡಬೇಕು. ತಪ್ಪು ಆದದ್ದು ಅನುಮಾನದಿಂದಲ್ಲ, ಗಡಿಬಿಡಿಯ ನೋಟದಿಂದ.

ದೊಡ್ಡಪ್ಪ: ಇರುವೆ ವಿಷಯ ನಾನೂ ನೋಡಿದೀನಿ. ಗೂಡಿಗೆ ನೀರು ನುಗ್ಗಿ ಹೊರಟ ಇರುವೆಗೂ ಮಳೆಗೆ ಮುಂಚೆ ಹೊರಟ ಇರುವೆಗೂ ನಡಿಗೆಯಲ್ಲೇ ವ್ಯತ್ಯಾಸ ಇದೆ. ಆದರೆ ಅದು ನೋಡಿ ನೋಡಿ ಪಳಗಿದ ಕಣ್ಣಿಗೆ ಮಾತ್ರ ಕಾಣುತ್ತೆ. ನಿನ್ನ ಮೂರನೆಯವನಿಗೆ ಆ ಕಣ್ಣು ಎಲ್ಲಿಂದ ತರ್ತೀಯ? ಯಾರು ಬೇಕಾದರೂ ಪರೀಕ್ಷೆ ಮಾಡಬಹುದು ಅಂತ ಹೇಳೋದು ಸುಲಭ. ನೋಡೋದಕ್ಕೆ ಕಲಿತವನು ಮಾತ್ರ ನೋಡ್ತಾನೆ.

ಹುಡುಗಿ: ಕಲಿತ ಕಣ್ಣು ಕೆಲವನ್ನ ಕಾಣದ ಹಾಗೂ ಮಾಡುತ್ತೆ, ದೊಡ್ಡಪ್ಪ. ಓಝೋನ್ ಕಥೆ ಕೇಳಿ. ಅಂಟಾರ್ಕ್ಟಿಕಾದ ಹ್ಯಾಲಿ ಅನ್ನೋ ಕೇಂದ್ರದಲ್ಲಿ ಬ್ರಿಟಿಷರು 1950ರ ದಶಕದಿಂದ ಡಾಬ್ಸನ್ ಉಪಕರಣ ಇಟ್ಟುಕೊಂಡು ಓಝೋನ್ ಅಳೆದು ಬರೆದಿಡ್ತಾ ಇದ್ದರು. ನಿಮ್ಮ ಹಾಗೇ. ಎಪ್ಪತ್ತರ ದಶಕದ ಕೊನೆಯಿಂದ ಅಕ್ಟೋಬರಿನ ಅಂಕಿಗಳು ಕುಸಿಯತೊಡಗಿದವು. ಉಪಕರಣ ಹಳೆಯದಾಗಿದೆಯೇನೋ ಅಂತ ಬೇರೆ ಉಪಕರಣ ತಂದು ಅಳೆದರು. ಅದೂ ಅದನ್ನೇ ಹೇಳಿತು. 1985ರಲ್ಲಿ ಜೋಸೆಫ್ ಫಾರ್ಮನ್, ಬ್ರಯಾನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್ ಅದನ್ನ ಪ್ರಕಟಿಸಿದರು. ಅಷ್ಟು ಹೊತ್ತಿಗೆ ಅಮೆರಿಕದ ಉಪಗ್ರಹವೂ ಮೇಲಿಂದ ಅದನ್ನೇ ಅಳೆಯುತ್ತಿತ್ತು. ಆದರೆ 180 ಡಾಬ್ಸನ್ ಯೂನಿಟ್‌ಗಿಂತ ಕಡಿಮೆ ಬಂದ ಅಂಕಿಗಳಿಗೆ ಅದರ ತಂತ್ರಾಂಶ ಅನುಮಾನದ ಗುರುತು ಹಾಕುತ್ತಿತ್ತು. ಅಷ್ಟು ಕಡಿಮೆ ಇರೋಕೆ ಸಾಧ್ಯವಿಲ್ಲ ಅನ್ನೋದು ಮೊದಲೇ ತೀರ್ಮಾನವಾಗಿತ್ತು.

ದೊಡ್ಡಪ್ಪ: ಕೊನೆಗೆ ಗೆದ್ದದ್ದು ಪುಸ್ತಕ ಬರೆದವರು!

ಹುಡುಗಿ: ಗೆದ್ದದ್ದು ಎರಡನೇ ಉಪಕರಣ ತಂದವರು. ತಮ್ಮ ಅಂಕಿಯನ್ನ ತಾವೇ ಮೊದಲು ಅನುಮಾನಿಸಿದರು. ನಿಮ್ಮ ಮಾಪಕದ ಪಕ್ಕ ಇನ್ನೊಂದು ಇಟ್ಟು ನೋಡಿದೀರಾ? ಗಾಳಿಗೆ ಹನಿ ಓರೆಯಾದಾಗ ನಿಮ್ಮದೂ ಕಡಿಮೆ ತೋರಿಸುತ್ತೆ.

ದೊಡ್ಡಪ್ಪ: ಕಡಿಮೆ ತೋರಿಸಬಹುದು, ಜಾಸ್ತಿ ತೋರಿಸಲ್ಲ. ಅದನ್ನ ನೆನಪಿಟ್ಟುಕೋ. ಮಾಪಕ ತಪ್ಪಿದರೆ ಹೆಚ್ಚಾಗಿ ಕಡಿಮೆಯ ಕಡೆಗೇ ತಪ್ಪೋದು. ಹಂಗಿದ್ದ ಮೇಲೆ ಎರಡು ಅಂಕಿ ಬಂದಾಗ ಕಡಿಮೆಯದನ್ನೇ ಹಿಡ್ಕೊಳ್ಳೋದು ಯಾವ ನ್ಯಾಯ?

ಹುಡುಗಿಗೆ ಇದಕ್ಕೆ ಉತ್ತರ ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ಮಾತುಕತೆಯಲ್ಲಿ ಹಿರಿಯರು ಎತ್ತಿದ ಅತ್ಯಂತ ಗಟ್ಟಿ ಪ್ರಶ್ನೆ ಇದು. ಅಳತೆಯ ದೋಷಕ್ಕೂ ಒಂದು ದಿಕ್ಕು ಇರುತ್ತದೆ, ಮತ್ತು ಆ ದಿಕ್ಕಿನಿಂದ ಯಾರಿಗೆ ಲಾಭ ಎಂದು ಕೇಳುವುದು ಪರೀಕ್ಷೆಯ ಭಾಗವೇ.

ಹುಡುಗಿ: ಅಳತೆಗೆ ಸಿಗದ ಮಳೆಯ ಹಳೇ ಮಾತೊಂದು ನೆನಪಾಯ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಳೆ ಅಳೆಯೋ ಮಾತು ಇದೆ. ಉಗ್ರಾಣದಲ್ಲಿ ಒಂದು ಅರತ್ನಿ, ಅಂದರೆ ಸುಮಾರು ಒಂದು ಮೊಳ ಅಗಲದ ಬಾಯಿಯ ಕುಂಡ ಇಡಬೇಕು ಅಂತ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಶಾಮಾಶಾಸ್ತ್ರಿಗಳಿಗೆ 1905ರಲ್ಲಿ ಸಿಕ್ಕಿ, 1909ರಲ್ಲಿ ಅಚ್ಚಾದ ಗ್ರಂಥ. ಒಣ ಸೀಮೆಗೆ 16 ದ್ರೋಣ, ಅವಂತಿಗೆ 23 ದ್ರೋಣ ಅಂತ ಅಂಕಿ ಕೊಡ್ತಾ ಬಂದು, ಪಡುವಣ ಕರಾವಳಿಯ ಅಪರಾಂತಕ್ಕೆ ಬಂದಾಗ ಅಂಕಿ ಬಿಟ್ಟು ‘ಅಮಿತ’ ಅನ್ನುತ್ತೆ. ಯಾವ ಬೀಜ ಬಿತ್ತಬೇಕು ಅಂತ ಸೀತಾಧ್ಯಕ್ಷ, ಅಂದರೆ ಬೇಸಾಯದ ಅಧಿಕಾರಿ, ನಿರ್ಧರಿಸೋಕೆ ಈ ಲೆಕ್ಕ.

ದೊಡ್ಡಪ್ಪ: ನೋಡು, ಅದು ಪ್ರಾಮಾಣಿಕತೆ. ತಮ್ಮ ಕುಂಡಕ್ಕೆ ಹಿಡಿಯಲಿಲ್ಲ ಅಂತ ಮಳೆ ಇಲ್ಲ ಅಂತ ಬರೆಯಲಿಲ್ಲ. ಅಳತೆಗೆ ಸಿಗಲಿಲ್ಲ ಅಂತ ಬರೆದರು. ಯಂತ್ರ ಕೆಟ್ಟ ದಿನಕ್ಕೆ ಸೊನ್ನೆ ಹಾಕುವವರಿಗೆ ಇದನ್ನ ತೋರಿಸಬೇಕು.

ಹುಡುಗಿ: ಇದನ್ನ ನಾನು ಪೂರ್ತಿ ಒಪ್ತೀನಿ. ಕಾಣಲಿಲ್ಲ ಅನ್ನೋದು ಇರಲಿಲ್ಲ ಅನ್ನೋದಕ್ಕೆ ಸಾಕ್ಷಿ ಆಗಬೇಕಾದರೆ, ಇದ್ದಿದ್ದರೆ ಕಾಣುತ್ತಿತ್ತು ಅನ್ನೋದನ್ನ ಮೊದಲು ತೋರಿಸಬೇಕು. ಹಲಸಿನ ಕೊಂಬೆ ಕೆಳಗಿರೋ ಮಾಪಕದ ವಿಷಯದಲ್ಲಿ ಅದನ್ನ ತೋರಿಸೋಕಾಗಲ್ಲ. ಹಾಗೇ ನಿಮ್ಮ ಕಡೆಯಿಂದಲೂ ಒಂದು ಆಗಬೇಕು. ನಿಮ್ಮ ಅಂಕಿ ನಿಮ್ಮ ಪೆಟ್ಟಿಗೆಯಲ್ಲಿ ಇರಬಾರದು. ಆಚೆ ಮನೆ, ಕೆಳಗಿನ ಕೇರಿ, ಹೀಗೆ ನಾಲ್ಕಾರು ಕಡೆ ಮಾಪಕ ಇಟ್ಟು, ಅಂದಂದಿನದನ್ನ ಅಂದೇ ಊರಿಗೆ ಕಾಣೋ ಹಾಗೆ ಬರೆದರೆ, ಯಾವ ಅಧಿಕಾರಿಯೂ ಆಮೇಲೆ ಬರೆದದ್ದು ಅನ್ನೋಕಾಗಲ್ಲ.

ದೊಡ್ಡಪ್ಪ: ಮಾಪಕ ಇಡೋ ಅನುಕೂಲ ಇದ್ದವನ ಮಳೆಗೆ ಸಾಕ್ಷಿ ಸಿಗುತ್ತೆ. ಕಾಲೆಕರೆ ತೋಟ ಇದ್ದು ಬೆಳಗಾದರೆ ಕೂಲಿಗೆ ಹೋಗುವವನು ಎಂಟೂವರೆಗೆ ಮನೆಯಲ್ಲಿ ಇರ್ತಾನಾ? ಅವನ ಅಡಿಕೆ ಉದುರಿದ್ದು ನಿಜ ಅಲ್ವಾ? ನಿನ್ನ ಪರೀಕ್ಷೆಯ ಕ್ರಮದಲ್ಲಿ ಅವನ ನಷ್ಟಕ್ಕೆ ಜಾಗ ಎಲ್ಲಿದೆ?

ಹುಡುಗಿ: ಜಾಗ ಇಲ್ಲ. ಮಾಡಬೇಕು. ಆದರೆ ಪರೀಕ್ಷೆಯೇ ಬೇಡ, ಹೇಳಿದವನ ಮುಖ ನೋಡಿ ನಂಬೋಣ ಅಂದರೆ, ಊರಲ್ಲಿ ಮುಖ ಇದ್ದವನ ಮಾತೇ ನಡೆಯುತ್ತೆ. ಅವನ ಮಾತನ್ನ ಆಗಲೂ ಯಾರೂ ಕೇಳಲ್ಲ.

ದೊಡ್ಡಪ್ಪ: ಅದೂ ಹೌದು. ಆದರೂ ತೋಟಕ್ಕೆ ಇಳಿದು ಉದುರಿದ ಕಾಯಿ ನೋಡದೆ ಅಂಕಿ ಮೇಲೆ ತೀರ್ಮಾನ ಮಾಡೋದನ್ನ ನಾನು ಒಪ್ಪಲ್ಲ. ಅಂಕಿ ಮಳೆಯದ್ದು, ನಷ್ಟ ಮನುಷ್ಯನದ್ದು.

ಹುಡುಗಿ: ಒಂದೊಂದು ತೋಟಕ್ಕೂ ಇಳಿಯೋ ಅಧಿಕಾರಿಗೆ ಕೈಬಿಸಿ ಮಾಡಬೇಕಾಗುತ್ತೆ, ಆ ಕಾಟ ತಪ್ಪಿಸುತ್ತೆ ಅಂಕಿಯ ಕ್ರಮ, ದೊಡ್ಡಪ್ಪ. ಅದನ್ನ ಪೂರ್ತಿ ಬಿಡೋಕೆ ನನಗೆ ಧೈರ್ಯ ಬರಲ್ಲ.

ಇಬ್ಬರೂ ತಮ್ಮ ತಮ್ಮ ಜಾಗ ಬಿಡಲಿಲ್ಲ. ಆದರೆ ಪಕ್ಕದ ತೋಟದವರ ಮರುಅರ್ಜಿಯನ್ನು ಇಬ್ಬರೂ ಸೇರಿ ಬರೆದರು. ಅದರಲ್ಲಿ ಹಿರಿಯರ ಪುಸ್ತಕದ ಆ ತಿಂಗಳ ಪುಟಗಳ ಜೆರಾಕ್ಸ್ ಇದೆ, ಅಳೆದವರ ಹೆಸರು ಮತ್ತು ಹೊತ್ತಿನ ಸಮೇತ. ಪಂಚಾಯಿತಿ ಮಾಪಕದ ಮತ್ತು ಹಲಸಿನ ಕೊಂಬೆಯ ಫೋಟೊ ಇದೆ, ತಾರೀಖು ಹಾಕಿ. ಉತ್ತರ ಇನ್ನೂ ಬಂದಿಲ್ಲ.

ಓದುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ ಎಂದು ಮುಂದಿನ ಮಳೆಗಾಲಕ್ಕೆ ಮುಂಚೆ ಹೋಗಿ ನೋಡಿ. ಅದರ ಮೇಲೆ ಕೊಂಬೆ ಬಾಗಿದ್ದರೆ, ಗೋಡೆ ಅಡ್ಡ ಇದ್ದರೆ, ಆಲಿಕೆಯಲ್ಲಿ ಕಸ ಕೂತಿದ್ದರೆ ಫೋಟೊ ತೆಗೆದು ಗ್ರಾಮಸಭೆಗೆ ಬರವಣಿಗೆಯಲ್ಲಿ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ.